ಸ್ವಲ್ಪ ಗಾಳಿ ಬಿಡಿ

ಬಿಟ್ಟಿ ಸಿಗುವ ವಸ್ತುವಿಗಾಗಿ ಜನ ಇಷ್ಟೊಂದು ಜಗಳ ಆಡುವುದನ್ನು ನಾನು ಸೈಕಲ್ಲಿನವರಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ. ಮೂರು ಲಕ್ಷದ ಸೈಕಲ್ಲು, ಕಾರ್ಬನ್ ಚಕ್ರ, ಮೈಗಂಟಿದ ಅಂಗಿ, ತೊಡೆಯ ಕಸುವನ್ನು ವ್ಯಾಟ್ ಲೆಕ್ಕದಲ್ಲಿ ಅಳೆದು ತೋರಿಸುವ ಪೆಡಲು, ಇಷ್ಟನ್ನೆಲ್ಲ ಕೊಂಡವರು ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟಿ ದೇವನಹಳ್ಳಿಯ ಕಡೆ ಹೊರಟರೆಂದರೆ, ಮಾತು ಮಾತ್ರ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲದ ಒಂದೇ ಒಂದು ಬಿಡಿಭಾಗದ ಸುತ್ತ ತಿರುಗುತ್ತದೆ. ಅದು ಗಾಳಿ. "ನಿಮ್ದು ಎಷ್ಟು ಸಾರ್?" "ನೂರಿಪ್ಪತ್ತು." "ಅಯ್ಯೋ, ನಂದು ಎಪ್ಪತ್ತೇ." ಆಮೇಲೆ ಒಂದು ಕಿಲೋಮೀಟರು ಮೌನ. ಇಬ್ಬರೂ ಮನಸ್ಸಿನಲ್ಲೇ ಇನ್ನೊಬ್ಬನನ್ನು ಅಜ್ಞಾನಿ ಎಂದು ತೀರ್ಮಾನಿಸುತ್ತಿರುತ್ತಾರೆ.

ಈ ಜಗಳದಲ್ಲಿ ಮತಪಂಥಗಳೂ ಉಂಟು. ಮುಂದಿನ ಚಕ್ರ, ಹಿಂದಿನ ಚಕ್ರ ಎಂಬ ಭೇದವೆಲ್ಲ ಭ್ರಮೆ, ಎರಡಕ್ಕೂ ಒಂದೇ ಅಂಕಿ ಎನ್ನುವವರು ಅದ್ವೈತಿಗಳು. ಮುಂದಿನದೇ ಬೇರೆ, ಹಿಂದಿನದೇ ಬೇರೆ, ಇವುಗಳಲ್ಲಿ ತಾರತಮ್ಯ ಇದ್ದೇ ಇದೆ ಎನ್ನುವವರು ದ್ವೈತಿಗಳು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದೇ ಪ್ರಮಾಣ, ಅದಕ್ಕೆ ಎದುರಾಡಬಾರದು ಎನ್ನುವವರು ಮೂರನೆಯವರು. ಅಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿಯೇ ಹೊರತು ಶಿಫಾರಸಲ್ಲ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ನಾನು ದ್ವೈತಿ. ಕಾರಣ ತತ್ವದ್ದಲ್ಲ, ತೂಕದ್ದು. ರೋಡ್ ಸೈಕಲ್ಲಿನ ಮೇಲೆ ಕೂತವರ ಭಾರದಲ್ಲಿ ನೂರಕ್ಕೆ ಸುಮಾರು 55 ಪಾಲು ಹಿಂದಿನ ಚಕ್ರದ ಮೇಲೆ, 45 ಪಾಲು ಮುಂದಿನದರ ಮೇಲೆ ಬೀಳುತ್ತದೆ. ಹೊರೆ ಬೇರೆಯಾದ ಮೇಲೆ ಗಾಳಿಯೂ ಬೇರೆಯಾಗಬೇಕು.

ಅಂಕಿಯ ಅರ್ಥ ಇಷ್ಟೇ. ಪಿಎಸ್‌ಐ ಎಂದರೆ ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡು ಒತ್ತಡ ಎಂಬ ಲೆಕ್ಕ. ಸವಾರರು 75 ಕಿಲೊ, ಸೈಕಲ್ಲು, ನೀರಿನ ಬಾಟಲಿ, ಸಾಮಾನು ಸೇರಿ ಇನ್ನೊಂದು 10 ಕಿಲೊ ಎಂದಿಟ್ಟುಕೊಳ್ಳಿ. ಒಟ್ಟು 85 ಕಿಲೊ, ಅಂದರೆ 187 ಪೌಂಡು. ಟೈರಿನಲ್ಲಿ 80 ಪಿಎಸ್‌ಐ ಗಾಳಿ ಇದ್ದರೆ, ನೆಲಕ್ಕೆ ತಾಗಿರುವ ರಬ್ಬರು ಎರಡೂ ಚಕ್ರ ಸೇರಿ ಸುಮಾರು ಎರಡೂಕಾಲು ಚದರ ಅಂಗುಲ. ಎರಡು ಹೆಬ್ಬೆಟ್ಟಿನ ಗುರುತಿಗಿಂತ ತುಸು ಹೆಚ್ಚು. ಅಷ್ಟು ಜಾಗದ ಮೇಲೆ ನಾವು ಗಂಟೆಗೆ ಐವತ್ತರ ವೇಗದಲ್ಲಿ ನಂದಿ ಬೆಟ್ಟದ ತಿರುವುಗಳನ್ನು ಇಳಿಯುತ್ತೇವೆ. ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದವರು ಗಾಳಿಯ ಬಗ್ಗೆ ಜಗಳ ಆಡುವುದನ್ನು ಹಾಸ್ಯ ಮಾಡಲಾರರು.

ಹೆಬ್ಬೆಟ್ಟಿನ ಮಾತು ಬಂತು. ತಿಪಟೂರಿನಲ್ಲಿ ನಾನು ಹುಡುಗನಾಗಿದ್ದಾಗ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಅಂಗಡಿಯ ಮುಂದೆ ಪಾದದಲ್ಲಿ ಅದುಮಿ ಹಿಡಿದು ಎರಡೂ ಕೈಯಲ್ಲಿ ಒತ್ತುವ ಉದ್ದನೆಯ ಪಂಪು ಇರುತ್ತಿತ್ತು. ಮೀಟರು ಗೀಟರು ಏನೂ ಇಲ್ಲ. ಅಂಗಡಿಯವರು ಹೆಬ್ಬೆರಳಲ್ಲಿ ಟೈರನ್ನು ಒತ್ತಿ ನೋಡಿ "ಸಾಕು" ಎನ್ನುತ್ತಿದ್ದರು. ಆದರೆ ಪಂಪಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: "ಒಬ್ನೇನೋ, ಡಬಲ್ಸೋ?" ಡಬಲ್ಸ್ ಎಂದರೆ ಹಿಂದಿನ ಚಕ್ರಕ್ಕೆ ಇನ್ನೊಂದಷ್ಟು ಒತ್ತು. ಕ್ಯಾರಿಯರಿನ ಮೇಲೆ ತೆಂಗಿನಕಾಯಿ ಮೂಟೆ ಹೇರಿಕೊಂಡು ಸಂತೆಗೆ ಬಂದವರಾದರೆ ಕೇಳುತ್ತಲೂ ಇರಲಿಲ್ಲ. ಇವತ್ತು ಟೈರಿನ ಒತ್ತಡವನ್ನು ಲೆಕ್ಕ ಹಾಕಿಕೊಡುವ ಆ್ಯಪ್‌ಗಳು ಮೊದಲು ಕೇಳುವುದೂ ಅದನ್ನೇ: ಸವಾರರ ತೂಕ ಎಷ್ಟು? ಎರಡನೆಯದು, ಟೈರಿನ ಅಗಲ ಎಷ್ಟು? ಮೂರನೆಯದು, ರಸ್ತೆ ಹೇಗಿದೆ? ಬಾಡಿಗೆ ಸೈಕಲ್ಲಿನ ಟೈರು ಯಾವುದು, ಊರಿನ ರಸ್ತೆ ಎಂಥದು ಎಂಬುದು ಅಂಗಡಿಯವರಿಗೆ ಮೊದಲೇ ಗೊತ್ತಿದ್ದರಿಂದ ಕೊನೆಯ ಎರಡನ್ನು ಅವರು ಕೇಳುತ್ತಿರಲಿಲ್ಲ, ಅಷ್ಟೆ.

ಆದರೆ ಆ ಹೆಬ್ಬೆರಳು ರೋಡ್ ಸೈಕಲ್ಲಿನ ಮುಂದೆ ಸೋಲುತ್ತದೆ. ದಪ್ಪ ಟೈರಿನಲ್ಲಿ ಮೂವತ್ತಕ್ಕೂ ನಲವತ್ತಕ್ಕೂ ಇರುವ ವ್ಯತ್ಯಾಸವನ್ನು ಬೆರಳು ಗುರುತಿಸೀತು. ಸಣ್ಣ ಟೈರಿನಲ್ಲಿ ಎಂಬತ್ತು ದಾಟಿದ ಮೇಲೆ ಅದಕ್ಕೆ ಎಲ್ಲವೂ ಒಂದೇ ಗಟ್ಟಿ. ನೂರಿದೆಯೋ ನೂರಿಪ್ಪತ್ತಿದೆಯೋ ಎಂದು ಒತ್ತಿ ಹೇಳುವ ಹೆಬ್ಬೆರಳು ಇನ್ನೂ ಹುಟ್ಟಿಲ್ಲ. ಮೀಟರಿರುವ ಪಂಪು ಬೇಕೇ ಬೇಕು.

ಟೈರಿಗೆ ಗಾಳಿ ತುಂಬಿಸಿದ್ದೇ ಮೆತ್ತಗಿರಲಿ ಎಂದು. 1887ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕುವುದನ್ನು ನೋಡಿ ಒಂದು ಪ್ರಯೋಗ ಮಾಡಿದ. ಮರದ ತಟ್ಟೆಯೊಂದರ ಅಂಚಿಗೆ ರಬ್ಬರಿನ ನಳಿಗೆ ಸುತ್ತಿ, ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿದ. ಅದನ್ನೂ ಗಟ್ಟಿ ರಬ್ಬರಿನ ಹಳೆಯ ಚಕ್ರವನ್ನೂ ಅಂಗಳದಲ್ಲಿ ಉರುಳಿಬಿಟ್ಟ. ಗಟ್ಟಿ ಚಕ್ರ ಅರ್ಧದಲ್ಲೇ ಬಿತ್ತು. ಗಾಳಿಯದು ಅಂಗಳ ದಾಟಿ ಗೇಟಿಗೆ ಬಡಿದು ಪುಟಿಯಿತು. ಮಾರನೆಯ ವರ್ಷ ಪೇಟೆಂಟು ಸಿಕ್ಕಿತು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಇದೇ ಉಪಾಯಕ್ಕೆ 1845ರಲ್ಲೇ ಪೇಟೆಂಟ್ ಪಡೆದಿದ್ದ ಎಂಬುದು ಪತ್ತೆಯಾಗಿ ಆಮೇಲೆ ಡನ್‌ಲಪ್‌ನ ಪೇಟೆಂಟು ರದ್ದೂ ಆಯಿತು. ಅಷ್ಟರಲ್ಲಿ, 1889ರಲ್ಲಿ, ವಿಲ್ಲಿ ಹ್ಯೂಮ್ ಎಂಬ ಸವಾರ ಬೆಲ್‌ಫಾಸ್ಟಿನಲ್ಲಿ ಗಾಳಿ ಟೈರಿನ ಮೇಲೆ ಕೂತು ಗಟ್ಟಿ ರಬ್ಬರಿನವರನ್ನೆಲ್ಲ ಸೋಲಿಸಿದ್ದ. ಸುಖಕ್ಕೆಂದು ಮಾಡಿದ ಟೈರು ವೇಗಕ್ಕೂ ಆಗಿಬಂತು. ಸುಖವೂ ವೇಗವೂ ಬೇರೆ ಬೇರೆಯಲ್ಲ ಎಂಬುದು ಹುಟ್ಟಿದ ದಿನವೇ ಸಾಬೀತಾಗಿತ್ತು.

ಅದನ್ನು ಮರೆಯುವುದಕ್ಕೆ ನಮಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಮೆತ್ತಗಿರಲೆಂದು ತುಂಬಿದ ಗಾಳಿಯನ್ನೇ ಒತ್ತಿ ಒತ್ತಿ ಮತ್ತೆ ಗಟ್ಟಿ ರಬ್ಬರು ಮಾಡಿಕೊಂಡೆವು. ಹತ್ತಿಪ್ಪತ್ತು ವರ್ಷದ ಹಿಂದೆ ರೋಡ್ ಸೈಕಲ್ಲೆಂದರೆ 23 ಮಿಲಿಮೀಟರ್ ಅಗಲದ ಟೈರು, ಅದರಲ್ಲಿ 120 ಪಿಎಸ್‌ಐ. ಇದು ಬರಿಯ ಮೂಢನಂಬಿಕೆ ಎನ್ನಲಾಗದು, ಹಿಂದೆ ಒಂದು ತರ್ಕವಿತ್ತು. ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ನೆಟ್ಟಗಾಗುವಾಗ ರಬ್ಬರು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಸ್ವಲ್ಪವನ್ನು ಶಾಖ ಮಾಡಿ ಕಳೆಯುತ್ತದೆ. ಗಾಳಿ ಹೆಚ್ಚಿದ್ದರೆ ಟೈರು ಕಡಿಮೆ ಬಾಗುತ್ತದೆ, ನಷ್ಟವೂ ಕಡಿಮೆ. ಪ್ರಯೋಗಾಲಯದಲ್ಲಿ ನುಣುಪಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿ ಅಳೆದರೆ ಗಾಳಿ ಹೆಚ್ಚಾದಷ್ಟೂ ಫಲಿತಾಂಶ ಒಳ್ಳೆಯದಾಗುತ್ತಲೇ ಹೋಗುತ್ತದೆ. ಮರದ ಹಲಗೆ ಹಾಸಿದ ವೆಲೊಡ್ರೋಮಿನಲ್ಲಿ ಇವತ್ತಿಗೂ ಅದು ನಿಜ.

ಆದರೆ ಉಕ್ಕಿನ ಉರುಳೆಗೆ ಹಳ್ಳ ದಿಣ್ಣೆ ಇಲ್ಲ, ಮತ್ತು ಆ ಪ್ರಯೋಗದಲ್ಲಿ ಸೈಕಲ್ಲಿನ ಮೇಲೆ ಮನುಷ್ಯ ಇಲ್ಲ. ನಿಜವಾದ ರಸ್ತೆಯಲ್ಲಿ ಜಲ್ಲಿಯ ತಲೆಗಳು, ತೇಪೆಗಳು, ಬಿರುಕುಗಳು ಇರುತ್ತವೆ. ಮೆತ್ತಗಿನ ಟೈರು ಅವನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ. ತೀರಾ ಗಟ್ಟಿಯಾದ ಟೈರು ಪ್ರತಿ ಜಲ್ಲಿಗೂ ಇಡೀ ಸೈಕಲ್ಲನ್ನೂ ಅದರ ಮೇಲಿರುವ 75 ಕಿಲೊವನ್ನೂ ಕೂದಲೆಳೆಯಷ್ಟು ಮೇಲಕ್ಕೆತ್ತುತ್ತದೆ. ಎತ್ತುವ ಶಕ್ತಿ ಎಲ್ಲಿಂದ ಬರಬೇಕು? ನಮ್ಮ ಕಾಲಿನಿಂದಲೇ. ಎತ್ತಿದ್ದು ಎಲ್ಲಿಗೆ ಹೋಗುತ್ತದೆ? ತೋಳು, ಭುಜ, ಸೊಂಟದ ಮಾಂಸಖಂಡಗಳಲ್ಲಿ ನಡುಕವಾಗಿ ಇಂಗುತ್ತದೆ. ಅಮೆರಿಕದ ಟಾಮ್ ಅನ್‌ಹಾಲ್ಟ್, ಜಾಶ್ ಪೋರ್ಟ್ನರ್, ಯಾನ್ ಹೈನೆ ಮುಂತಾದವರು ಸವಾರರನ್ನು ಕೂರಿಸಿಕೊಂಡು ನಿಜವಾದ ರಸ್ತೆಗಳಲ್ಲಿ ಅಳೆದು ನೋಡಿದಾಗ ಈ ನಷ್ಟ ಕಣ್ಣಿಗೆ ಬಿತ್ತು. ಗಾಳಿ ಹೆಚ್ಚಿಸುತ್ತಾ ಹೋದರೆ ಒಂದು ಹಂತದವರೆಗೆ ಲಾಭ. ಆ ಹಂತ ದಾಟಿತೋ, ನಷ್ಟ ತಟ್ಟನೆ ಏರುತ್ತದೆ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಆ ಹಂತಕ್ಕಿಂತ ಹತ್ತು ಪಿಎಸ್‌ಐ ಕೆಳಗಿದ್ದರೆ ಕಳೆದುಕೊಳ್ಳುವುದು ಅಲ್ಪ, ಹತ್ತು ಮೇಲಿದ್ದರೆ ಅದಕ್ಕಿಂತ ಎಷ್ಟೋ ಹೆಚ್ಚು. ಸಂಶಯ ಬಂದರೆ ಗಾಳಿ ಬಿಡುವುದೇ ಮೇಲು.

ಇಷ್ಟಾದರೂ ನೂರಿಪ್ಪತ್ತರ ಪಂಥ ಅಳಿದಿಲ್ಲ. ಏಕೆಂದರೆ ಗಟ್ಟಿ ಟೈರಿನ ಮೇಲೆ ವೇಗವಾಗಿ ಹೋದ ಹಾಗೆ ಅನ್ನಿಸುತ್ತದೆ. ಹ್ಯಾಂಡಲ್ಲು ಝುಮ್ಮೆನ್ನುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ಹಲ್ಲು ಸಣ್ಣಗೆ ಕಟಕಟಿಸುತ್ತದೆ. ಮೈಯೆಲ್ಲ ಅದುರುತ್ತಿರುವಾಗ ನಾವು ಹಾರುತ್ತಿದ್ದೇವೆ ಎಂದು ಮನಸ್ಸು ನಂಬುತ್ತದೆ. ಸರಿಯಾದ ಗಾಳಿಯ ಟೈರು ಸದ್ದಿಲ್ಲದೆ ಹೋಗುವುದರಿಂದ ಸೋಮಾರಿ ಅನ್ನಿಸುತ್ತದೆ. ಗಡಿಯಾರ ನೋಡಿದರೆ ಕಥೆ ಬೇರೆ. ನಾವು ವೇಗ ಎಂದುಕೊಂಡಿದ್ದು ವೇಗದಿಂದ ಸೋರಿಹೋಗುತ್ತಿರುವ ಪಾಲು. ಕಷ್ಟಪಟ್ಟದ್ದೇ ಸಾಧನೆ, ಸುಖವಾದದ್ದರಲ್ಲಿ ಏನೋ ಮೋಸವಿರಬೇಕು ಎಂದು ಬಾಲ್ಯದಿಂದ ಕಲಿತು ಬಂದವರು ನಾವು. ಟೈರಿನ ವಿಷಯದಲ್ಲೂ ಆ ಪಾಠವನ್ನು ಬಿಡಲು ಮನಸ್ಸಾಗುವುದಿಲ್ಲ.

ವೃತ್ತಿಪರರು ಮನಸ್ಸು ಬದಲಿಸಿ ಆಗಿದೆ. ಟೂರ್ ದ ಫ್ರಾನ್ಸಿನ ಸವಾರರು 23ರಿಂದ 25ಕ್ಕೆ, ಅಲ್ಲಿಂದ 28ಕ್ಕೆ, ಅದಕ್ಕೂ ಅಗಲಕ್ಕೆ ಸರಿದರು. 1896ರಿಂದ ನಡೆದು ಬಂದಿರುವ, ಕಲ್ಲುಹಾಸಿನ ರಸ್ತೆಗಳಿಗೇ ಹೆಸರಾದ ಪ್ಯಾರಿಸ್–ರೂಬೆ ಪಂದ್ಯದಲ್ಲಂತೂ 30, 32 ಮಿಲಿಮೀಟರಿನ ಟೈರುಗಳು ಸಾಮಾನ್ಯ. ಅಗಲದ ಟೈರು ನಿಧಾನ ಎಂಬುದು ಹಳೆಯ ನಂಬಿಕೆ. ಒಂದೇ ಒತ್ತಡದಲ್ಲಿ ಸಣ್ಣ ಟೈರೂ ಅಗಲದ ಟೈರೂ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದೇ, ಆಕಾರ ಮಾತ್ರ ಬೇರೆ. ಸಣ್ಣದು ಉದ್ದಕ್ಕೆ ತಾಗುತ್ತದೆ, ಅಗಲದ್ದು ಗಿಡ್ಡಕ್ಕೆ. ಗಿಡ್ಡವಾದಷ್ಟೂ ಟೈರು ಕಡಿಮೆ ಬಾಗುತ್ತದೆ. ಜೊತೆಗೆ ಟೈರು ಅಗಲವಾದಷ್ಟೂ ಅದೇ ಗಾಳಿ ಅದರ ಗೋಡೆಯನ್ನು ಹೆಚ್ಚು ಬಿಗಿಯಾಗಿ ಎಳೆಯುತ್ತದೆ. ಹಾಗಾಗಿ 23ರಲ್ಲಿ ಹಾಕುತ್ತಿದ್ದ 120ನ್ನು 28ರ ಟೈರಿಗೆ ತುಂಬುವುದು ಅನವಶ್ಯಕ ಮಾತ್ರವಲ್ಲ, ಅಪಾಯ.

ಅಪಾಯ ಎಂದದ್ದು ಉತ್ಪ್ರೇಕ್ಷೆಯಲ್ಲ. ಟೈರಿನ ಅಂಚು ಸಿಕ್ಕಿ ನಿಲ್ಲುವುದಕ್ಕೆ ಹಳೆಯ ರಿಮ್ಮುಗಳಲ್ಲಿ ಒಂದು ಕೊಕ್ಕೆ ಇರುತ್ತಿತ್ತು. ಈಚಿನ ಕೆಲವು ಟ್ಯೂಬ್‌ಲೆಸ್ ರಿಮ್ಮುಗಳಲ್ಲಿ ಆ ಕೊಕ್ಕೆ ಇಲ್ಲ. ಅಂಥವಕ್ಕೆ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. 2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ಪಂದ್ಯದಲ್ಲಿ ಬೆಲ್ಜಿಯಮಿನ ಥಾಮಸ್ ಡಿ ಗೆಂಡ್ಟ್ ಬಿದ್ದಾಗ ಇಂಥ ಚಕ್ರದಿಂದ ಟೈರು ಕಳಚಿಕೊಂಡದ್ದು ದೊಡ್ಡ ಚರ್ಚೆಯಾಯಿತು. ನಿಮ್ಮ ರಿಮ್ಮಿಗೆ ಕೊಕ್ಕೆ ಇದೆಯೇ ಇಲ್ಲವೇ ಎಂದು ತಿಳಿಯದೆ ಪಂಪಿಗೆ ಕೈ ಹಾಕಬೇಡಿ. ಟೈರಿನ ಮಿತಿ, ರಿಮ್ಮಿನ ಮಿತಿ, ಇವೆರಡರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಟ್ರಯಥ್ಲಾನಿನವರದು ಇನ್ನೂ ಮಜವಾದ ಕಥೆ. ಅವರು ಈಜಿ ಬಂದು ಸೈಕಲ್ ಹತ್ತಿ, ಇಳಿದ ಮೇಲೆ ಓಡಬೇಕು. ಪೂರ್ಣ ಐರನ್‌ಮ್ಯಾನ್ ಆದರೆ 180 ಕಿಲೋಮೀಟರ್ ಸೈಕಲ್ಲು, ಆಮೇಲೆ 42 ಕಿಲೋಮೀಟರ್ ಓಟ. ಮೊಣಕೈಯನ್ನು ಹ್ಯಾಂಡಲ್ಲಿನ ಮೇಲಿಟ್ಟು ಮುಂದಕ್ಕೆ ಬಾಗಿ ಐದಾರು ಗಂಟೆ ಕೂರುವುದರಿಂದ ಭಾರ ಮುಂದಕ್ಕೆ ಸರಿದು, ಎರಡು ಚಕ್ರಗಳ ಪಾಲು ಸರಿಸಮಕ್ಕೆ ಹತ್ತಿರವಾಗುತ್ತದೆ. ದ್ವೈತಿಗಳೂ ಇಲ್ಲಿ ಕೊಂಚ ರಾಜಿಯಾಗಬೇಕು: ಮುಂದಕ್ಕೂ ಹಿಂದಕ್ಕೂ ಒಂದೆರಡು ಪಿಎಸ್‌ಐ ವ್ಯತ್ಯಾಸ ಸಾಕು. ಗಾಳಿಯನ್ನು ಸೀಳಿಕೊಂಡು ಹೋಗುವುದು ಅವರಿಗೆ ಮುಖ್ಯವಾದ್ದರಿಂದ ಮುಂದಿನ ಟೈರಿಗಿಂತ ರಿಮ್ಮು ತುಸು ಅಗಲವಾಗಿರಬೇಕು. ಟೈರು 100 ಆದರೆ ರಿಮ್ಮು ಕನಿಷ್ಠ 105 ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಗಾಳಿ ಹೆಚ್ಚಿದರೆ ಟೈರು ಉಬ್ಬಿ ಆ ಲೆಕ್ಕವೂ ತಪ್ಪುತ್ತದೆ. ಇದೆಲ್ಲಕ್ಕಿಂತ ದೊಡ್ಡದು, ಸೈಕಲ್ಲಿನ ಮೇಲೆ ಅದುರಿದ ಮೈ ಓಟದಲ್ಲಿ ಬಾಕಿ ವಸೂಲಿ ಮಾಡುತ್ತದೆ.

ಅವರ ಗಾಳಿ ಮನೆಯಲ್ಲಿ ತುಂಬಿಸಿದಲ್ಲಿಗೆ ಮುಗಿಯುವುದೂ ಇಲ್ಲ. 2019ರಲ್ಲಿ ಗೋವಾದ ಮೀರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ಆರಂಭವಾಯಿತು. 1.9 ಕಿಲೋಮೀಟರ್ ಈಜು, 90 ಸೈಕಲ್ಲು, 21.1 ಓಟ. ಬೆಂಗಳೂರಿನಿಂದ ಅಲ್ಲಿಗೆ ಸೈಕಲ್ ಕಟ್ಟಿಕೊಂಡು ಹೋಗುವವರು ಬೇಕಾದಷ್ಟು ಮಂದಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಕಡಲತೀರಕ್ಕೆ ಇಳಿದಾಗ ಹೊರಗಿನ ವಾತಾವರಣದ ಒತ್ತಡ ಹೆಚ್ಚಾಗುವುದರಿಂದ ಮೀಟರಿನಲ್ಲಿ ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಇಲ್ಲಿನ 20 ಡಿಗ್ರಿಯ ಮುಂಜಾನೆಯಿಂದ ಅಲ್ಲಿನ 30 ಡಿಗ್ರಿಗೆ ಹೋದರೆ ಮೂರು ಪಿಎಸ್‌ಐ ಹೆಚ್ಚಾಗುತ್ತದೆ. ಘಟ್ಟ ಕಿತ್ತುಕೊಂಡದ್ದನ್ನು ಸೆಕೆ ವಾಪಸ್ ಕೊಟ್ಟು, ಮೇಲೊಂದಿಷ್ಟು ಕೊಸರನ್ನೂ ಹಾಕುತ್ತದೆ. ಸೈಕಲ್ಲನ್ನು ಬಿಸಿಲಲ್ಲಿ ನಿಲ್ಲಿಸಿ ಕಪ್ಪು ಟೈರು 50 ಡಿಗ್ರಿ ಮುಟ್ಟಿತೆನ್ನಿ, 20 ಡಿಗ್ರಿಯಲ್ಲಿ ತುಂಬಿದ 80 ಪಿಎಸ್‌ಐ ಆಗ ಸುಮಾರು 90. ಹವಾಯಿಯ ಕೋನಾದಂಥ ಉರಿಬಿಸಿಲಿನ ಊರುಗಳಲ್ಲಿ ಹಿಂದಿನ ದಿನವೇ ಸೈಕಲ್ ಒಪ್ಪಿಸಬೇಕಾದವರು ಟ್ಯೂಬು ಸಿಡಿದೀತೆಂದು ಗಾಳಿ ಕಡಿಮೆ ಮಾಡಿ ಬರುವುದು ಇದಕ್ಕೇ.

ಇನ್ನು ಲೇಟೆಕ್ಸ್ ಟ್ಯೂಬಿನವರ ಪಾಡು. ಅದು ಹಗುರ, ಸಲೀಸಾಗಿ ಉರುಳುತ್ತದೆ, ಆದರೆ ರಾತ್ರಿ ಕಳೆಯುವುದರೊಳಗೆ ಹತ್ತು ಹದಿನೈದು ಪಿಎಸ್‌ಐ ಸೋರಿಹೋಗಿರುತ್ತದೆ. ಪಂಕ್ಚರಾದಾಗ ಇಂಗಾಲದ ಡೈಆಕ್ಸೈಡಿನ ಪುಟ್ಟ ಸಿಲಿಂಡರಿನಿಂದ ತುಂಬಿಸಿಕೊಂಡವರದೂ ಇದೇ ಕಥೆ. ಆ ಅನಿಲ ರಬ್ಬರಿನಲ್ಲಿ ಬೇಗ ಕರಗಿ ಹೊರಟುಹೋಗುವುದರಿಂದ ಮಾರನೆಯ ದಿನ ಟೈರು ಕೂತಿರುತ್ತದೆ. ಹೀಗಾಗಿ ಪಂದ್ಯದ ಬೆಳಗ್ಗೆ, ಕತ್ತಲೆಯಲ್ಲಿ, ಸಾವಿರಗಟ್ಟಲೆ ಸೈಕಲ್ಲುಗಳ ನಡುವೆ ಎಲ್ಲರ ಬಾಯಲ್ಲೂ ಒಂದೇ ಮೊರೆ: "ಬಾಸ್, ಪಂಪ್ ಇದೆಯಾ?" ತಿಂಗಳುಗಟ್ಟಲೆ ಲೆಕ್ಕ ಹಾಕಿಟ್ಟ ಅಂಕಿಯನ್ನು ಯಾರದೋ ಪಂಪಿನ, ಯಾವ ಜನ್ಮದಲ್ಲೋ ಸರಿಯಿದ್ದ ಮುಳ್ಳಿಗೆ ಒಪ್ಪಿಸಿ ಎಲ್ಲರೂ ಸಮುದ್ರಕ್ಕೆ ಇಳಿಯುತ್ತಾರೆ.

ಹಾಗಾದರೆ ಎಷ್ಟು? ಅಮೆರಿಕದ ಇಂಜಿನಿಯರ್ ಫ್ರಾಂಕ್ ಬೆರ್ಟೊ ಒಂದು ಸೂತ್ರ ಕೊಟ್ಟಿದ್ದ: ಸವಾರ ಕೂತಾಗ ಟೈರು ತನ್ನ ಎತ್ತರದ ನೂರಕ್ಕೆ ಹದಿನೈದರಷ್ಟು ಕುಸಿಯಬೇಕು. 28ರ ಟೈರಾದರೆ ನಾಲ್ಕು ಮಿಲಿಮೀಟರ್ ಚಿಲ್ಲರೆ. ನಮ್ಮ 75 ಕಿಲೊ ಸವಾರರಿಗೆ 28ರ ಟೈರಿನಲ್ಲಿ ಹಿಂದಕ್ಕೆ 72, ಮುಂದಕ್ಕೆ 68ರಿಂದ ಶುರುಮಾಡಿ ಎನ್ನುತ್ತೇನೆ; 25ರ ಟೈರಾದರೆ ಹತ್ತು ಹನ್ನೆರಡು ಸೇರಿಸಿ. ಮಿಕ್ಕದ್ದನ್ನು ಸೂತ್ರ ಹೇಳದು, ರಸ್ತೆ ಹೇಳುತ್ತದೆ. ಗೊತ್ತಿರುವ ಒಂದು ರಸ್ತೆ ಹಿಡಿಯಿರಿ. ಪ್ರತಿ ಸಲ ಮೂರು ಮೂರು ಪಿಎಸ್‌ಐ ಕಡಿಮೆ ಮಾಡುತ್ತಾ ಹೋಗಿ. ತಿರುವಿನಲ್ಲಿ ಸೈಕಲ್ಲು ಜೋಲಿ ಹೊಡೆದಂತಾದರೆ, ಎದ್ದು ನಿಂತು ತುಳಿದಾಗ ಹಿಂದಿನ ಟೈರು ಕುಪ್ಪಳಿಸಿದರೆ, ಗುಂಡಿಗೆ ಬಿದ್ದಾಗ ರಿಮ್ಮು ನೆಲಕ್ಕೆ ತಾಗಿದ ಸದ್ದು ಕೇಳಿದರೆ ಅತಿಯಾಯಿತೆಂದು ತಿಳಿದು ಐದು ಏರಿಸಿ. ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಬೆಂಗಳೂರಿನಲ್ಲಿ ಇದಕ್ಕೆ ಅವಕಾಶಗಳು ಹೇರಳ. ಮಳೆ ಬಂದ ದಿನ ಇನ್ನೈದು ಕಡಿಮೆ ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಮತ್ತು ಯಾವಾಗಲೂ ಒಂದೇ ಪಂಪನ್ನು ಬಳಸಿ. ಅದರ ಮುಳ್ಳು ಸುಳ್ಳು ಹೇಳಿದರೂ ದಿನಾ ಅದೇ ಸುಳ್ಳನ್ನು ಹೇಳುತ್ತದೆ, ಲೆಕ್ಕಕ್ಕೆ ಅಷ್ಟು ಸಾಕು.

ಇಷ್ಟು ಹೇಳಿದ ಮೇಲೂ ಚುಕ್ಕಿಯ ಆಚೆಗಿನ ಅಂಕಿ ಕೇಳುವವರಿದ್ದಾರೆ. ನಂದಿಯಿಂದ ಇಳಿದು ತಿಂಡಿಗೆ ಕೂತಾಗ ಅವರು ಹೇಳುವುದು ಹೀಗೆ: ಎರಡು ಇಡ್ಲಿ, ಒಂದು ಮಸಾಲೆದೋಸೆ, ಕಾಫಿ, ಎಲ್ಲ ಸೇರಿ ಮುಕ್ಕಾಲು ಕಿಲೊ. ಒಂದು ಕಿಲೊ ಹೆಚ್ಚಿದರೆ ಗಾಳಿ ನೂರಕ್ಕೆ ಒಂದು ಪಾಲು ಹೆಚ್ಚಬೇಕು ಎಂಬ ಲೆಕ್ಕದಲ್ಲಿ ವಾಪಸು ಹೋಗುವಾಗ ಅರ್ಧ ಪಿಎಸ್‌ಐ ಸೇರಿಸಬೇಕಲ್ಲವೇ? ಗಣಿತ ಸರಿ. ಆದರೆ ಬರುವಾಗ ಸುರಿಸಿದ ಬೆವರು ಅದಕ್ಕಿಂತ ಹೆಚ್ಚಿತ್ತು, ಪಂಪಿನ ಮುಳ್ಳು ಐದರಷ್ಟು ಆಚೀಚೆ ಇರುತ್ತದೆ. ಆ್ಯಪ್ ತೂಕ ಕೇಳಿದಾಗ, ಮದುವೆಗೆ ಮುಂಚೆ ಇದ್ದ ತೂಕವನ್ನು ಬರೆದವರು ನಮ್ಮ ಗುಂಪಿನಲ್ಲೇ ಇದ್ದಾರೆ. ಅವರಿಗೆ ನನ್ನ ಸಲಹೆ ಒಂದೇ. ಮೊದಲು ತೂಕವನ್ನು ಸರಿಯಾಗಿ ಹೇಳಿ, ಚುಕ್ಕಿಯನ್ನು ಆಮೇಲೆ ಇಡೋಣ.